ಹೆಬ್ಬೆರಳಿಗೆ ಪಥ್ಯ

ಆಯುರ್ವೇದ ಚಿಕಿತ್ಸಾಲಯದ ಒಳಕೋಣೆಯಲ್ಲಿ ಹತ್ತೊಂಬತ್ತು ವರ್ಷದಿಂದ ಹೆಂಗಸರ ಮೈಗೆ ಎಣ್ಣೆ ತಿಕ್ಕುತ್ತಿದ್ದವಳನ್ನು ಎಲ್ಲರೂ ಎಣ್ಣೆಯಕ್ಕ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಸೊಂಟ ಹಿಡಿದವರು, ಕತ್ತು ತಿರುಗದವರು, ಮಂಡಿ ಮಡಚಲಾಗದವರು, ಎಲ್ಲರ ನೋವೂ ಅವಳ ಹೆಬ್ಬೆರಳಿಗೆ ಗೊತ್ತು. ಈಗ ಆ ಹೆಬ್ಬೆರಳುಗಳೇ ಕೈಕೊಟ್ಟಿದ್ದವು. ಬೆಳಿಗ್ಗೆ ಎದ್ದರೆ ಬಾಟಲಿಯ ಮುಚ್ಚಳ ತಿರುಗಿಸಲೂ ಆಗದು. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ. ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ಅದಕ್ಕೇ ಎರಡು ತಿಂಗಳಿಂದ ಹೆಬ್ಬೆರಳಿನ ಬದಲು ಮೊಣಕೈ ಊರಿ ತಿಕ್ಕುತ್ತಿದ್ದಳು, ಪಾಪ.

"ಇದೇನೇ, ಬೆನ್ನ ಮೇಲೆ ಒನಕೆ ಊರಿದ ಹಾಗಿದೆ?" ಎಂದರು ಒಂದು ದಿನ ಬೋರಲು ಮಲಗಿದ್ದ ನಿವೃತ್ತ ಹೆಡ್‌ಮೇಡಂ. ಆರು ವರ್ಷದಿಂದ ತಪ್ಪದೆ ಬರುವವರು. "ಎಲ್ಲಿ, ಕೈ ತೋರ್ಸು."

ತೋರಿಸಿದಳು. ಎರಡೂ ಹೆಬ್ಬೆರಳಿನ ಬುಡ ಊದಿಕೊಂಡಿತ್ತು.

"ಯಾರಿಗೂ ಹೇಳ್ಬೇಡಿ ಮೇಡಂ, ನಿಮ್ಮ ದಮ್ಮಯ್ಯ."

ಹೆಡ್‌ಮೇಡಂ ಹೊರಗೆ ಹೋಗುತ್ತಾ ಚಿಕಿತ್ಸಾಲಯ ನಡೆಸುವ ಡಾಕ್ಟರಮ್ಮನಿಗೆ ಹೇಳಿಯೇ ಬಿಟ್ಟರು. ಒಳ್ಳೆಯವರ ಬಾಯಿಗೆ ಬೀಗ ಹಾಕಲು ಯಾರಿಂದಾದೀತು, ನೀವೇ ಹೇಳಿ!

ಡಾಕ್ಟರಮ್ಮ ಅವಳನ್ನು ಕರೆದು ರೋಗಿಗಳ ಕುರ್ಚಿಯಲ್ಲಿ ಕೂರಿಸಿದರು.

"ಊಟ ಬಿಸಿಯಾಗಿ ಮಾಡ್ತೀಯಾ?"

"ಮಾಡ್ತೀನಿ."

"ಹೊತ್ತಿಗೆ ಸರಿಯಾಗಿ?"

"ಹೂಂ."

"ಮಲಮೂತ್ರ ತಡ್ಕೊಳಲ್ಲ ತಾನೆ?"

"ಅಯ್ಯೋ, ಇಲ್ಲಮ್ಮ."

"ಲೇ, ಇದು ನಾವು ರೋಗಿಗಳಿಗೆ ಹೇಳೋ ಪಾಠ. ನಂಗೇ ಒಪ್ಪಿಸ್ತಿದ್ದೀಯಾ? ನಿಜ ಹೇಳು."

ನಿಜ ಹೇಳಲು ನಾಚಿಕೆಯಾಯಿತು. ಬೆಳಿಗ್ಗೆ ಕಟ್ಟಿಕೊಂಡ ಬುತ್ತಿ ಮಧ್ಯಾಹ್ನ ಮೂರಕ್ಕೆ, ತಣ್ಣಗೆ, ನಿಂತುಕೊಂಡೇ. ಎಣ್ಣೆ ಹಚ್ಚಿದ ಮೈಯನ್ನು ನಡುವೆ ಬಿಟ್ಟುಹೋಗಲಾಗದೆ ಮೂತ್ರ ತಡೆದುಕೊಳ್ಳುವುದು. ಆ ಭಯಕ್ಕೆ ನೀರನ್ನೂ ಕುಡಿಯದಿರುವುದು. ದಿನಕ್ಕೆ ಹತ್ತು ಸಲ ಊರವರಿಗೆಲ್ಲ ಹೇಳುವ ಮಾತಿನಲ್ಲಿ ಒಂದನ್ನೂ ಅವಳು ಪಾಲಿಸಿರಲಿಲ್ಲ. ಹೇಳಿ ಮುಗಿಸುವಷ್ಟರಲ್ಲಿ ಸುಸ್ತಾಗಿ ಹೋದಳು.

ಡಾಕ್ಟರಮ್ಮ ಚೀಟಿ ಬರೆದರು. ತುಪ್ಪ ಬೆರೆತ ಬಿಸಿ ಊಟ, ಹೊತ್ತಿಗೆ ಸರಿಯಾಗಿ. ತಂಗಳು ಬೇಡ, ಉಪವಾಸ ಬೇಡ. ಆಗಾಗ ಬಿಸಿನೀರು. ಕೈಗೆ ಬೆಚ್ಚಗಿನ ಎಣ್ಣೆ, ಶಾಖ. ಬೇಗ ನಿದ್ದೆ. ಕೊನೆಯ ಸಾಲು: ಮೂರು ತಿಂಗಳು ಕೈಗೆ ಪೂರ್ತಿ ವಿಶ್ರಾಂತಿ.

ಎಣ್ಣೆಯಕ್ಕ ಆ ಸಾಲಿನ ಮೇಲೆ ಬೆರಳಿಟ್ಟಳು.

"ಅದೊಂದು ಹೊಡೆದುಹಾಕ್ಬಿಡಿ ಡಾಕ್ಟ್ರೇ. ಮಿಕ್ಕಿದ್ದೆಲ್ಲ ಚಾಚೂ ತಪ್ಪದೆ ಮಾಡ್ತೀನಿ."

"ಅದನ್ನ ತೆಗೆದ್ರೆ ಉಳಿಯೋದು ಪಥ್ಯ ಅಲ್ಲ ಕಣೇ, ಬರೀ ಅಡುಗೆ. ಇನ್ನೊಂದು ವರ್ಷ ಹೀಗೇ ತಿಕ್ಕಿದ್ರೆ ತುತ್ತು ಎತ್ತೋಕೂ ಆಗಲ್ಲ."

"ಅಡುಗೇನೇ ಸಾಕು. ಮೂರು ತಿಂಗಳು ಮನೇಲಿ ಕೂತ್ರೆ ಒಲೆ ಮೇಲೆ ಏನಿಡ್ಲಿ?"

ಡಾಕ್ಟರಮ್ಮ ಪೆನ್ನು ಹಿಡಿದು ಹೊರಗೆ ನೋಡಿದರು. ಅರ್ಧ ತೆರೆದ ಬಾಗಿಲಾಚೆ ಬೆಂಚಿನ ಮೇಲೆ ಏಳು ಜನ ಕಾಯುತ್ತಿದ್ದರು. ತಿಕ್ಕಲು ಇನ್ನೊಂದು ಆಳಿರಲಿಲ್ಲ. ಎಣ್ಣೆಯಕ್ಕ ಇನ್ನೇನು ಹೇಳಿ ಬೇಡಿಕೊಳ್ಳಲಿ ಎಂದು ಮಾತು ಹುಡುಕುತ್ತಿದ್ದಳು. ಅಷ್ಟರಲ್ಲಿ ಡಾಕ್ಟರಮ್ಮ ಕೊನೆಯ ಸಾಲಿನ ಮೇಲೆ ಗೀಟು ಎಳೆದು, ಚೀಟಿಯನ್ನು ಅವಳತ್ತ ಸರಿಸಿ, "ಮುಂದಿನವರನ್ನ ಮಲಗ್ಸು" ಎಂದರು.

ಕೆಲಸ ಉಳಿಯಿತು. ಸಂತೋಷಪಡಬೇಕಿತ್ತು. ಆದರೆ ಡಾಕ್ಟರಮ್ಮ ಇಷ್ಟು ಬೇಗ ಒಪ್ಪಿಬಿಡುತ್ತಾರೆಂದು ಅವಳು ಎಣಿಸಿರಲಿಲ್ಲ.