ಗೊಣಗಲು ಹತ್ತು ನಿಮಿಷ

“ಕಾಲಿನ ಕಡೆ ಸ್ವಲ್ಪ ಎತ್ತಿ. ಇನ್ನೂ ಸ್ವಲ್ಪ. ಗೋಡೆಗೆ ತಾಗ್ತಿದೆ, ನಿಧಾನ.”

ಮೂರನೇ ಮಹಡಿಯಿಂದ ಎರಡನೆಯದಕ್ಕೆ ಇಳಿಯುವ ತಿರುವಿನಲ್ಲಿ ಸ್ಟ್ರೆಚರ್ ಸಿಕ್ಕಿಕೊಂಡಿತ್ತು. ಕೆಳಗಿನ ತುದಿಯನ್ನು ಮಗ ಹಿಡಿದಿದ್ದ, ಮೇಲಿನ ತುದಿಯನ್ನು ವ್ಯಾನಿನ ಚಾಲಕ ಮತ್ತು ಪಕ್ಕದ ಮನೆಯವನು. ಬಿಳಿ ಹೊದಿಕೆಯೊಳಗಿದ್ದ ಅಮ್ಮ ಭಾರದ ಹೆಂಗಸೇನೂ ಅಲ್ಲ. ಆದರೆ ಈ ಮೆಟ್ಟಿಲುಗಳನ್ನು ಯಾರಾದರೂ ಮಲಗಿಕೊಂಡು ಇಳಿಯಬೇಕಾದೀತೆಂದು ಕಟ್ಟಡ ಕಟ್ಟಿದವರು ಯೋಚಿಸಿರಲಿಲ್ಲ. ಲಿಫ್ಟು ಕೆಟ್ಟು ಏಳು ತಿಂಗಳಾಗಿತ್ತು.

“ಆ ಕುರ್ಚಿ ತೆಗೀಬೇಕು,” ಎಂದ ಚಾಲಕ.

ತಿರುವಿನ ಮೂಲೆಯಲ್ಲಿ ಕಬ್ಬಿಣದ ಕುರ್ಚಿಯೊಂದನ್ನು ಕಂಬಿಗೆ ಸೇರಿಸಿ ತಂತಿಯಿಂದ ಬಿಗಿಯಲಾಗಿತ್ತು. ಮಗಳು ಮುಂದಾಗಿ ಇಳಿದು ಗಂಟಿಗೆ ಕೈಹಾಕಿದಳು. ಅಮ್ಮನೇ ಹಾಕಿದ ಗಂಟು. ಮೂವತ್ತನಾಲ್ಕು ವರ್ಷ ಆಸ್ಪತ್ರೆಯ ಲಾಂಡ್ರಿಯಲ್ಲಿ ಬಟ್ಟೆ ಮೂಟೆ ಕಟ್ಟಿದ ಕೈ ಅದು. ಮಗಳ ಉಗುರು ಮುರಿಯಿತು, ಗಂಟು ಮಿಸುಕಲಿಲ್ಲ. ಮೇಲೆ ಮೂವರು ಗಂಡಸರು ಉಸಿರು ಕಟ್ಟಿಕೊಂಡು ನಿಂತಿದ್ದರು. ಅಣ್ಣನ ಕುತ್ತಿಗೆಯ ನರ ಉಬ್ಬಿತ್ತು.

ಎರಡನೇ ಮಹಡಿಯ ಬಾಗಿಲು ತೆರೆದು ನಿವೃತ್ತ ಮೇಷ್ಟ್ರು ಇಕ್ಕಳ ಹಿಡಿದುಕೊಂಡು ಬಂದರು. ತಂತಿ ಕತ್ತರಿಸಿ, ಕುರ್ಚಿಯನ್ನು ಎದೆಗವಚಿಕೊಂಡು ಗೋಡೆಗೆ ಒತ್ತಿ ನಿಂತರು. ಸ್ಟ್ರೆಚರ್ ಅವರ ಹೊಟ್ಟೆಯನ್ನು ಸವರಿಕೊಂಡು ತಿರುಗಿತು.

“ಇದನ್ನ ಇಲ್ಲಿ ತಂದು ಹಾಕಿದ ದಿನ ನಕ್ಕಿದ್ದೆ ಕಣಮ್ಮ,” ಎಂದರು ಮಗಳಿಗೆ. “ಏನು, ದರ್ಬಾರಾ ಅಂತ ಕೇಳ್ದೆ. ನಿಮ್ಮಮ್ಮ, ‘ಲಿಫ್ಟು ರಿಪೇರಿ ನನ್ನ ಕೈಲಿಲ್ಲ ಮೇಷ್ಟ್ರೇ, ಕೂರೋದು ನನ್ನ ಕೈಲಿದೆ’ ಅಂದ್ರು. ಮಾರನೇ ದಿನದಿಂದ ನಾನೂ ಕೂತೆ.”

ಕೆಳಗೆ ವ್ಯಾನಿನ ಬಳಿ ಕಟ್ಟಡದ ಸಂಘದ ಕಾರ್ಯದರ್ಶಿ ಕೈಕಟ್ಟಿ ನಿಂತಿದ್ದ. ಯಾರೂ ಕೇಳದಿದ್ದರೂ ಅವನೇ ಶುರುಮಾಡಿದ.

“ಬಿಡಿಭಾಗ ಬರಬೇಕಿತ್ತು. ಎರಡು ಸಲ ಬರೆದೆ. ನಿಮ್ಮ ತಾಯಿ ಪ್ರತಿ ಸೋಮವಾರ ನನಗೊಂದು ಕಾಗದ ಕೊಡ್ತಿದ್ರು. ಓದಿದ್ರೆ ನಗು ಬರೋದು. ‘ತಮ್ಮ ಲಿಫ್ಟಿನ ಆರೋಗ್ಯ ಹೇಗಿದೆ, ನೋಡಲು ಬರಬಹುದೆ’ ಅಂತೆಲ್ಲ.” ಅವನು ನೆಲ ನೋಡಿದ. “ಒಂದು ಸಲ ಸರಿಯಾಗಿ ಬೈದಿದ್ರೆ ಬೇಗ ಮಾಡಿಸ್ತಿದ್ನೇನೋ.”

ಮಗಳು ಅವನ ಮುಖವನ್ನೇ ನೋಡಿದಳು. ಅಣ್ಣ ಅವಳ ಹೆಗಲ ಮೇಲೆ ಕೈಯಿಟ್ಟು ವ್ಯಾನಿನ ಕಡೆ ತಿರುಗಿಸಿದ.

“ಹೋಗ್ಲಿ ಬಿಡಿ,” ಎಂದ ಅವನು ಎಲ್ಲರಿಗೂ ಕೇಳುವಂತೆ. “ಅಮ್ಮ ನಗ್ತಾ ಬದುಕಿದೋಳು. ಇವತ್ತು ಯಾರೂ ಅಳಬಾರದು. ಅವಳಿಗದು ಇಷ್ಟ ಆಗಲ್ಲ.”

ಬೆಳಗಿನಿಂದ ಅವನು ಇದನ್ನು ಹೇಳಿದ್ದು ಆರನೇ ಸಲ.

*

ಮೂರು ವಾರದ ಹಿಂದೆ ಅಮ್ಮ ಔಷಧಿ ಅಂಗಡಿಗೆ ಬಂದಿದ್ದಳು. ಮಗಳು ಅಲ್ಲಿ ಒಂಬತ್ತು ವರ್ಷದಿಂದ ಕೌಂಟರಿನಲ್ಲಿ ನಿಲ್ಲುವವಳು. ಮಧ್ಯಾಹ್ನದ ಹೊತ್ತು, ಎದುರಿಗೆ ಆರೇಳು ಜನ, ಫೋನಿನಲ್ಲಿ ಇನ್ನೊಬ್ಬರು. ಅಮ್ಮ ಸಾಲು ತಪ್ಪಿಸದೆ, ತರಕಾರಿ ಚೀಲವನ್ನು ಬಲಗೈಯ ಎರಡು ಡೊಂಕು ಬೆರಳಿಗೆ ನೇತುಹಾಕಿಕೊಂಡು, ತನ್ನ ಸರದಿಗೆ ಕಾದು ಮುಂದೆ ಬಂದಳು.

“ಏನಮ್ಮ, ಇಲ್ಲಿ?”

“ಗಿರಾಕಿ ಕಣೇ ನಾನು, ಮರ್ಯಾದೆ ಕೊಟ್ಟು ಮಾತಾಡು. ಮೆಟ್ಟಿಲು ಹತ್ತುವಾಗ ಎದೆಯಲ್ಲಿ ಬಿಸಿ ಬಿಸಿ. ಯಾರೋ ಇಸ್ತ್ರಿಪೆಟ್ಟಿಗೆ ಆರಿಸದೆ ಒಳಗೇ ಮರೆತು ಹೋದ ಹಾಗಿದೆ.”

ಸಾಲಿನಲ್ಲಿದ್ದ ಒಬ್ಬಳು ಕಿಸಕ್ಕನೆ ನಕ್ಕಳು. ಮಗಳೂ ನಕ್ಕಳು. ಹಿಂದಿನ ಗೂಡಿನಿಂದ ಗ್ಯಾಸಿನ ಮಾತ್ರೆಯ ಒಂದು ಹಾಳೆ ತೆಗೆದು ಮುಂದೆ ತಳ್ಳಿದಳು.

“ಊಟಕ್ಕೆ ಮುಂಚೆ ಒಂದೊಂದು. ಖಾರ ಕಮ್ಮಿ ಮಾಡು.”

“ಅಪ್ಪಣೆ,” ಎಂದಳು ಅಮ್ಮ. ಹೊರಡುವ ಮುನ್ನ ಒಂದು ಗಳಿಗೆ ಕೌಂಟರಿನ ಗಾಜಿನ ಮೇಲೆ ಕೈಯೂರಿ ನಿಂತಳು. ಹಿಂದಿದ್ದವನು ಚೀಟಿ ಚಾಚಿದ. ಮಗಳು ಅದನ್ನು ತೆಗೆದುಕೊಂಡಳು.

*

ಚಿತಾಗಾರದಲ್ಲಿ ಕಾಯುವ ಕೋಣೆ ಉದ್ದಕ್ಕಿತ್ತು. ಗೋಡೆಗೆ ಸೇರಿಸಿದ ಮರದ ಬೆಂಚುಗಳು, ಒಂದು ಕಿಟಕಿ, ನೀರಿನ ಡಬ್ಬಿ. ಎರಡು ಗಂಟೆ ಹಿಡಿಯುತ್ತದೆ ಎಂದು ಅಲ್ಲಿಯ ನೌಕರ ಹೇಳಿ ಹೋಗಿದ್ದ. ಗಂಡಸರು ಹೊರಗೆ ನೆರಳಿಗೆ ನಿಂತರು. ಒಳಗೆ ಉಳಿದವರು ಮಗಳು ಮತ್ತು ಸೂಜಿಯಕ್ಕ.

ಸೂಜಿಯಕ್ಕ ಅದೇ ಲಾಂಡ್ರಿಯಲ್ಲಿ ಹರಿದ ಚಾದರ, ದಿಂಬಿನ ಚೀಲ ಹೊಲಿಯುತ್ತಿದ್ದವಳು. ಹೊಲಿಗೆಗಿಂತ ಮಾತು ಚುಚ್ಚುವುದರಿಂದ ಆ ಹೆಸರು ಬಂತೆಂದು ಅಮ್ಮ ಹೇಳುತ್ತಿದ್ದಳು. ಈಗ ಆಕೆ ಚೀಲದಿಂದ ಬಾಟಲಿ ತೆಗೆದು ಮಗಳಿಗೆ ಕೊಟ್ಟಳು.

“ಕುಡಿ. ನಿಮ್ಮಣ್ಣ ನೀರು ಕುಡಿಯೋದನ್ನೂ ಬೇಡ ಅಂದಿಲ್ಲ ತಾನೆ?”

ಮಗಳು ಕುಡಿದು ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡಳು. ಬಹಳ ಹೊತ್ತು ಅದರ ಮುಚ್ಚಳ ತಿರುಗಿಸುತ್ತ ಕುಳಿತಳು.

“ಸೂಜಿಯಕ್ಕ, ಅಮ್ಮ ನನಗೆ ಹೇಳಿದ್ಲು. ಎದೆ ಉರೀತಿದೆ ಅಂತ. ಅಂಗಡಿಗೇ ಬಂದು ಹೇಳಿದ್ಲು. ನಾನು ನಕ್ಕೆ. ದಿನಕ್ಕೆ ನೂರು ಜನಕ್ಕೆ ಔಷಧಿ ಕೊಡ್ತೀನಿ. ಯಾರೇ ಬಂದ್ರೂ ಎಷ್ಟು ದಿನದಿಂದ, ಎಡಗೈ ನೋಯುತ್ತಾ, ಬೆವರುತ್ತಾ ಅಂತ ಕೇಳ್ತೀನಿ. ಅವಳನ್ನ ಕೇಳ್ಲಿಲ್ಲ. ಗ್ಯಾಸಿನ ಮಾತ್ರೆ ಕೊಟ್ಟು ಕಳಿಸ್ದೆ.”

“ಗೊತ್ತು.”

“ನಿಮಗೆ ಹೇಗೆ ಗೊತ್ತು?”

“ಅವಳು ಹತ್ತು ನಿಮಿಷದಲ್ಲಿ ಹೇಳಿದ್ಲು.”

ಮಗಳಿಗೆ ಅರ್ಥವಾಗಲಿಲ್ಲ. ಸೂಜಿಯಕ್ಕ ಕಾಲು ಚಾಚಿ, ಬೆನ್ನನ್ನು ಗೋಡೆಗೆ ಆನಿಸಿದಳು.

“ಬೆರಳು ಸುಟ್ಟಿದ್ದು ನೆನಪಿದ್ಯಾ ನಿನಗೆ?”

*

ಮಗಳಿಗೆ ಹದಿನೆಂಟು ವರ್ಷವಾಗಿದ್ದಾಗ ಲಾಂಡ್ರಿಯ ಹಬೆಯ ಇಸ್ತ್ರಿಯಂತ್ರ ಅಮ್ಮನ ಬಲಗೈ ಮೇಲೆ ಮುಚ್ಚಿಕೊಂಡಿತ್ತು. ಲಾಂಡ್ರಿ ಆಸ್ಪತ್ರೆಯ ನೆಲಮಾಳಿಗೆಯಲ್ಲಿದ್ದುದರಿಂದ ಮೇಲೆ ಕರೆದೊಯ್ಯಲು ತಡವಾಗಲಿಲ್ಲ. ಆದರೂ ಎರಡು ಬೆರಳು ಮತ್ತೆ ನೆಟ್ಟಗಾಗಲಿಲ್ಲ. ಬ್ಯಾಂಡೇಜು ಬಿಚ್ಚಿದ ದಿನ ಅಮ್ಮ ಅವನ್ನು ಮಕ್ಕಳಿಬ್ಬರ ಮುಂದೆ ಹಿಡಿದು, “ಮಡಿಕೆ ಬಿದ್ದುಬಿಟ್ಟಿದೆ. ನೀರು ಚಿಮುಕಿಸಿ ಇಸ್ತ್ರಿ ಮಾಡಿದ್ರೂ ಹೋಗಲ್ಲ,” ಎಂದಿದ್ದಳು. ಮನೆಯಲ್ಲಿ ನಗು ಎದ್ದಿತ್ತು. ಮಕ್ಕಳಿಗೆ ತಿಳಿದಿದ್ದು ಅಷ್ಟು.

ತಿಳಿಯದಿದ್ದದ್ದು ಮರುದಿನದ ಸಂಗತಿ. ಕೆಲಸಕ್ಕೆ ಮರಳಿದ ಅಮ್ಮನಿಗೆ ಒಂದು ಚಾದರ ಮಡಿಸಲು ಮೂರು ಸಲ ತಪ್ಪಿತು. ನಾಲ್ಕನೇ ಸಲ ಅದನ್ನು ನೆಲಕ್ಕೆ ಬಿಸುಟು, ಒಗೆದ ಬಟ್ಟೆ ಪೇರಿಸಿಡುವ ಉಗ್ರಾಣಕ್ಕೆ ಹೋಗಿ ಬಾಗಿಲು ಹಾಕಿಕೊಂಡಳು. ಸೂಜಿಯಕ್ಕ ಹಿಂದೆಯೇ ಓಡಿದಳು. ಚಾದರದ ರಾಶಿಗಳ ನಡುವೆ ಅಮ್ಮ ನೆಲದ ಮೇಲೆ ಕುಳಿತಿದ್ದಳು.

“ಗಡಿಯಾರ ನೋಡ್ಕೋ,” ಎಂದಳು. “ಹತ್ತು ನಿಮಿಷ. ಬುದ್ಧಿ ಹೇಳಬೇಡ, ಸಮಾಧಾನ ಮಾಡಬೇಡ. ಸುಮ್ನೆ ಕೇಳು.”

ಆಮೇಲೆ ಬೈದಳು. ಯಂತ್ರವನ್ನು ಬೈದಳು, ಅದರ ಸ್ಪ್ರಿಂಗು ಸಡಿಲವಾಗಿದೆ ಎಂದು ಹೇಳಿದರೂ ಕೇಳದ ಮೇಲ್ವಿಚಾರಕನನ್ನು ಬೈದಳು, ಇಬ್ಬರು ಮಕ್ಕಳನ್ನು ತನ್ನ ಕೊರಳಿಗೆ ಕಟ್ಟಿ ಸತ್ತುಹೋದ ಗಂಡನನ್ನು ಬೈದಳು. ಇನ್ನು ಜಡೆ ಹಾಕಿಕೊಳ್ಳುವುದು ಹೇಗೆ ಎಂದು ಕೇಳುವ ಹೊತ್ತಿಗೆ ಗೋಳೋ ಎಂದು ಅಳುತ್ತಿದ್ದಳು. ಸೂಜಿಯಕ್ಕ ಹೊತ್ತಾಯಿತೆಂದು ಹೇಳಿದಾಗ ಮೂಗು ಒರೆಸಿಕೊಂಡು ಎದ್ದಳು. ಮೇಲ್ವಿಚಾರಕನ ಕೋಣೆಗೆ ಹೋಗಿ, ಸ್ಪ್ರಿಂಗು ಬದಲಾಯಿಸುವ ತನಕ ಆ ಯಂತ್ರವನ್ನು ಯಾರೂ ಮುಟ್ಟುವುದಿಲ್ಲ ಎಂದು ಹೇಳಿ ಬಂದಳು. ಮಧ್ಯಾಹ್ನದ ಹೊತ್ತಿಗೆ ಮೂರು ಬೆರಳಿನಲ್ಲಿ ಚಾದರ ಮಡಿಸುವ ಒಂದು ವರಸೆಯನ್ನೂ ಕಂಡುಕೊಂಡಿದ್ದಳು. ಸ್ಪ್ರಿಂಗು ಮೂರನೇ ದಿನ ಬಂತು.

*

“ಆವತ್ತಿಂದ ದಿನಾ ಊಟ ಆದ್ಮೇಲೆ ಅವಳಿಗೆ ಹತ್ತು, ನನಗೆ ಹತ್ತು,” ಎಂದಳು ಸೂಜಿಯಕ್ಕ. “ಗೊಣಗೋದು ಮುಗಿದ್ಮೇಲೆ, ಮಾಡೋ ಅಂಥದ್ದು ಏನಾದ್ರೂ ಇದ್ರೆ ಎದ್ದು ಮಾಡ್ಬೇಕು. ಇಲ್ದಿದ್ರೆ ಚಾದರ ಮಡಿಸ್ಬೇಕು. ಕೆಲಸ ಬಿಟ್ಮೇಲೆ ಫೋನಲ್ಲಿ. ನೀನು ಅಂಗಡೀಲಿ ಇರ್ತಿದ್ದೆ.”

“ನನ್ನ ಹತ್ರ ಒಂದು ದಿನ ಗೊಣಗಿಲ್ಲ.”

“ನಿನ್ನ ಹತ್ರ ಹೇಗೆ ಗೊಣಗ್ತಾಳೆ? ಗೊಣಗ್ತಿದ್ದದ್ದೇ ನಿನ್ನ ಬಗ್ಗೆ.”

ಮಗಳು ತಲೆಯೆತ್ತಿದಳು.

“ಏನಂತ?”

“ಒದ್ದೆ ಟವೆಲ್ಲು ಹಾಸಿಗೆ ಮೇಲೆ ಹಾಕ್ತಾಳೆ. ಊಟಕ್ಕೆ ಕೂತು ಫೋನ್ ನೋಡ್ತಾಳೆ. ಗಂಡನ ಮನೆ ಬಿಟ್ಟು ಬಂದು ಆರು ವರ್ಷ ಆಯ್ತು, ಬಾಯಿ ಬಿಟ್ಟು ಅತ್ತಿಲ್ಲ. ಯಾರಾದ್ರೂ ಕೇಳಿದ್ರೆ ಒಂದು ನಗೆಮಾತು ಎಸೀತಾಳೆ. ‘ನನ್ನಿಂದ ಕಲಿತದ್ದೇ, ಆದ್ರೆ ಅರ್ಧ ಮಾತ್ರ ಕಲಿತಿದೆ ಈ ಹುಡುಗಿ. ಉಗ್ರಾಣದ ಅರ್ಧ ಅದಕ್ಕೆ ಕಾಣಿಸ್ಲೇ ಇಲ್ಲ’ ಅಂತಿದ್ಲು ನಿಮ್ಮಮ್ಮ.”

ಹೊರಗಿನಿಂದ ಅಣ್ಣನ ಮಾತು ಕೇಳಿಸಿತು. ಯಾರಿಗೋ ಅಮ್ಮನ ಹಳೆಯ ತಮಾಷೆಯೊಂದನ್ನು ಹೇಳುತ್ತಿದ್ದ. ನಗು ಬರಬೇಕಾದ ಜಾಗದಲ್ಲಿ ಯಾರೂ ನಗಲಿಲ್ಲ.

“ನೀನು ಮಾತ್ರೆ ಕೊಟ್ಟ ನಾಲ್ಕನೇ ದಿನ ನಾವಿಬ್ರೂ ಡಾಕ್ಟರ ಹತ್ರ ಹೋದ್ವಿ,” ಎಂದಳು ಸೂಜಿಯಕ್ಕ. “ಅವಳೇ ಹೊರಟಳು. ನೋವು ನಗೆಮಾತಿಗೆ ಬಗ್ತಿಲ್ಲ, ತೋರಿಸ್ಕೊಂಡು ಬರೋಣ ಅಂದ್ಲು. ಎದೆಗೆ ವೈರು ಅಂಟಿಸಿ ಉದ್ದದ ಕಾಗದ ತೆಗೆದ್ರು. ಎಲ್ಲಾ ಸರಿಯಿದೆ, ವಯಸ್ಸು, ವಾಯು ಅಂದ್ರು. ಬರೆದುಕೊಟ್ಟದ್ದೂ ನೀನು ಕೊಟ್ಟ ಮಾತ್ರೇನೇ. ದಾರಿಯುದ್ದಕ್ಕೂ ಒಂದೇ ಮಾತು. ‘ನೋಡಿದ್ಯಾ, ಡಾಕ್ಟರಿಗಿಂತ ನಾಲ್ಕು ದಿನ ಮುಂಚೆ ನನ್ನ ಮಗಳು ಹೇಳಿದ್ಲು.’ ಏನು ಜಂಬ ಅವಳಿಗೆ.”

ಮಗಳು ಎರಡೂ ಕೈಗಳಿಂದ ಬಾಟಲಿಯನ್ನು ಅದುಮಿದಳು. ಪ್ಲಾಸ್ಟಿಕ್ಕು ಲಟಕ್ಕೆಂದಿತು.

“ನನಗೆ ಹೇಳ್ಬಹುದಿತ್ತು. ಡಾಕ್ಟರ ಹತ್ರ ಹೋಗಿದ್ದೆ ಅಂತ ಒಂದು ಮಾತು. ನಾನು ಆ ಕಾಗದ ಇನ್ನೊಬ್ರಿಗೆ ತೋರಿಸ್ತಿದ್ದೆ.”

“ಹೇಳ್ಬೇಕಿತ್ತು. ಅಲ್ಲಿ ನಿಮ್ಮಮ್ಮ ತಪ್ಪಿದ್ಲು. ನಾನೂ ತಪ್ಪಿದೆ. ಏನೂ ಇಲ್ಲ ಅಂದ ಮೇಲೆ ಆ ಹುಡುಗಿಗೆ ಯಾಕೆ ಗಾಬರಿ ಅಂದ್ಲು, ನಾನು ಹೂಂ ಅಂದೆ. ನಿನ್ನೆ ಅವಳ ಎದೆ ನಿಂತಾಗಿನಿಂದ ಆ ಹೂಂ ನನ್ನ ಗಂಟಲಲ್ಲಿ ಕೂತಿದೆ.” ಸೂಜಿಯಕ್ಕ ಕಣ್ಣೊರೆಸಿಕೊಳ್ಳಲಿಲ್ಲ. ಕೆನ್ನೆಯ ಮೇಲೆ ಇಳಿದದ್ದು ಇಳಿಯಿತು. “ಅವಳು ಎಲ್ಲದರಲ್ಲೂ ಸರಿ ಇದ್ಲು ಅಂತ ನಾನು ಹೇಳಲ್ಲ. ಆದ್ರೆ ಸುಮ್ನೆ ಕೂತು ಸತ್ತಿಲ್ಲ ನಿಮ್ಮಮ್ಮ. ಕುರ್ಚಿ ಹಾಕಿದ್ಲು, ಕಾಗದ ಬರೆದ್ಲು, ಡಾಕ್ಟರ ಹತ್ರ ಹೋದ್ಲು. ಮಾಡೋದನ್ನೆಲ್ಲ ಮಾಡಿದ್ಲು. ಅದು ಸಾಲ್ಲಿಲ್ಲ.”

“ಹಾಗಾದ್ರೆ ನಾನು ಯಾರ ಮೇಲೆ ಸಿಟ್ಟು ಮಾಡ್ಕೊಳ್ಲಿ?”

“ಅವಳ ಮೇಲೆ ಮಾಡ್ಕೋ. ಇಲ್ಲಿ ಯಾರಿದ್ದಾರೆ? ನಾನು ಬುದ್ಧಿ ಹೇಳಲ್ಲ.”

ಮಗಳು ಮೊದಲು ಬಾಗಿಲ ಕಡೆ ನೋಡಿದಳು. ಆಮೇಲೆ, “ಬೆಳಗ್ಗೆ ಐದೂವರೆಗೆ ಪಾತ್ರೆ ಸದ್ದು ಮಾಡ್ತಿದ್ಲು,” ಎಂದಳು. “ರಜಾ ದಿನವೂ. ಎದ್ದು ಮುಖ ಗಂಟು ಹಾಕ್ಕೊಂಡು ಬಂದ್ರೆ, ಸೂರ್ಯ ಬಂದು ಹೋದ, ಚೀಟಿ ಇಟ್ಟು ಹೋಗಿದ್ದಾನೆ ಅನ್ನೋಳು. ನನಗೆ ಕೆಂಡದಂಥ ಕೋಪ ಬರೋದು.” ಅಲ್ಲಿಂದ ಮುಂದೆ ನಿಲ್ಲಲಿಲ್ಲ. ಪೆಟ್ಟಿಗೆ ಹಿಡಿದು ತವರಿಗೆ ಬಂದ ದಿನ ಅಮ್ಮ ಒಂದು ಪ್ರಶ್ನೆಯನ್ನೂ ಕೇಳದೆ ಕಪಾಟಿನ ಅರ್ಧ ಖಾಲಿ ಮಾಡಿಕೊಟ್ಟದ್ದು, ಕೇಳಲಿ ಎಂದು ತಾನು ಎಷ್ಟೋ ದಿನ ಕಾದದ್ದು, ಬಚ್ಚಲಲ್ಲಿ ನಲ್ಲಿ ತಿರುಗಿಸಿಟ್ಟು ಅತ್ತದ್ದು. ಆಚೆ ಬಂದರೆ ಅಮ್ಮ ಬಾಗಿಲಲ್ಲಿ ನಿಂತು, ನೀರಿನ ಟ್ಯಾಂಕು ಖಾಲಿಯಾಯಿತೇ ಎಂದು ಕೇಳಿದ್ದು. “ಅವಳಿಗೆ ಗೊತ್ತಿತ್ತು ಸೂಜಿಯಕ್ಕ. ಗೊತ್ತಿದ್ದೂ ಟ್ಯಾಂಕಿನ ಮಾತಾಡಿದ್ಲು. ಅವಳಿಗೇನು ಧಾಡಿಯಾಗಿತ್ತು, ಒಳಗೆ ಬಂದು ಪಕ್ಕದಲ್ಲಿ ಕೂರೋಕೆ?”

ಅವಳು ಈಗ ದೊಡ್ಡ ದನಿಯಲ್ಲೇ ಅಳುತ್ತಿದ್ದಳು. ಸೂಜಿಯಕ್ಕ ಎದುರಿನ ಗೋಡೆ ನೋಡುತ್ತ, ಆಗಾಗ ತಲೆದೂಗುತ್ತ ಕುಳಿತಿದ್ದಳು.

ಬಾಗಿಲು ತೆರೆದುಕೊಂಡು ಅಣ್ಣ ಒಳಗೆ ಬಂದ.

“ಏನಿದು? ಹೊರಗೆಲ್ಲ ಕೇಳಿಸ್ತಿದೆ. ಅಮ್ಮನಿಗೆ ಇದೆಲ್ಲ…”

ಸೂಜಿಯಕ್ಕ ಅವನ ಕಡೆ ತಿರುಗದೆ ಅಂಗೈಯೆತ್ತಿದಳು. ಅವನು ಮಾತು ನಿಲ್ಲಿಸಿದ. ತಂಗಿ ಅವನನ್ನು ನೋಡಿದಳು, ಅಳು ನಿಲ್ಲಿಸಲಿಲ್ಲ. ಅವನು ಬಾಗಿಲ ಚಿಲಕದ ಮೇಲೆ ಕೈಯಿಟ್ಟುಕೊಂಡು ಅಲ್ಲಿಯೇ ನಿಂತ. ಹೊರಗೆ ಹೋಗಲು ತಿರುಗಿದವನು ಹೋಗಲಿಲ್ಲ. ಬಂದು ಬೆಂಚಿನ ತುದಿಯಲ್ಲಿ ಕುಳಿತ.

ಕಿಟಕಿಯಾಚೆ ಯಾವುದೋ ಗಾಡಿ ಹಿಂದಕ್ಕೆ ಸರಿಯುವ ಸದ್ದು.

“ಈ ಶೂ ಕಚ್ತಿದೆ,” ಎಂದ ಅವನು.

ಇಬ್ಬರೂ ಅವನತ್ತ ತಿರುಗಿದರು.

“ಹೊಸದು. ಬೆಳಗ್ಗೆಯಿಂದ ಕಚ್ತಿದೆ. ಮೂರು ಮಹಡಿ ಇಳಿಯೋಷ್ಟರಲ್ಲಿ…” ಅವನು ಬಗ್ಗಿ ಲೇಸಿಗೆ ಕೈಹಾಕಿದ. ಸ್ಟ್ರೆಚರ್ ಹೊತ್ತು ಮರಗಟ್ಟಿದ್ದ ಬೆರಳುಗಳಿಗೆ ಗಂಟು ಸಿಗಲಿಲ್ಲ.

ತಂಗಿ ಎದ್ದು ಅವನ ಮುಂದೆ ನೆಲದ ಮೇಲೆ ಕುಳಿತಳು. ಲೇಸು ಬಿಚ್ಚಿ, ಹಿಮ್ಮಡಿಯ ಹಿಂದೆ ಬೆರಳು ತೂರಿಸಿ, ಮೆಲ್ಲನೆ ಶೂ ಎಳೆದಳು. ಬೂದುಬಣ್ಣದ ಕಾಲುಚೀಲದ ಹಿಂಭಾಗ ರಕ್ತದಲ್ಲಿ ನೆಂದು, ಒಣಗಿ, ಚರ್ಮಕ್ಕೆ ಅಂಟಿಕೊಂಡಿತ್ತು. ಅವಳು ಸೂಜಿಯಕ್ಕನ ಬಾಟಲಿಯಲ್ಲಿ ಉಳಿದಿದ್ದ ನೀರನ್ನು ಅದರ ಮೇಲೆ ಸ್ವಲ್ಪಸ್ವಲ್ಪವೇ ಸುರಿದಳು.

“ನೋಯ್ತಾ?” ಎಂದು ಕೇಳಿದಳು.

ನಲವತ್ತೆರಡು ವರ್ಷದ ಅಣ್ಣ ಎರಡೂ ಕೈಗಳಲ್ಲಿ ಬೆಂಚಿನ ಅಂಚು ಹಿಡಿದು, “ಹೂಂ,” ಎಂದ. ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಅವಳು ಬಟ್ಟೆಯನ್ನು ಗಾಯದಿಂದ ಬಿಡಿಸುವ ಹೊತ್ತಿಗೆ ಕೆಂಪಾದ ನೀರು ಬಿಳಿಯ ನೆಲದ ಮೇಲೆ ಹರಿದು ಸೂಜಿಯಕ್ಕನ ಚಪ್ಪಲಿಯ ತನಕ ಬಂದಿತು. ಆಕೆಯೂ ಕಾಲು ಸರಿಸಲಿಲ್ಲ.