ಒರತೆ ಬೆಳ್ಳಗಾದ ಮಂಗಳವಾರ

ಎಣ್ಣೆ ಕಾಯುವ ವಾಸನೆ, ಶುಕ್ರವಾರ ಅಂದರೆ ಇದೇ, ಅಡಿಗೆಮನೆಯ ಕಿಟಕಿಯಿಂದ ಹೊರಬಿದ್ದು ಜಗಲಿಯ ದ್ರಾಕ್ಷಿ ಬಳ್ಳಿಯ ಕೆಳಗೆ ಕೂತ ನನ್ನ ಮೂಗಿಗೆ ತಾಕಿ, ಆಮೇಲೆ ಸತ್ತವರ ಹತ್ತಿರ ಹೋಗುತ್ತದಂತೆ, ನನ್ನ ಹೆಂಡತಿ ಉಮ್ಸುನಾಯ್ ಹಾಗನ್ನುತ್ತಾಳೆ, ಐವತ್ತು ವರ್ಷದಿಂದ ಪ್ರತಿ ಶುಕ್ರವಾರ ಬೋರ್ಸೋಕಿನ ಹಿಟ್ಟಿನ ಏಳು ತುಂಡು ಎಣ್ಣೆಗೆ ಬಿಟ್ಟು ಒಂದೊಂದಕ್ಕೂ ಒಂದೊಂದು ಹೆಸರು ಹೇಳುತ್ತಾಳೆ, ಅವಳ ತಾಯಿ, ನನ್ನ ತಂದೆ ತಾಯಿ, ಯುದ್ಧದಿಂದ ಬಾರದ ಇಬ್ಬರು ಮಾವಂದಿರು, ಆಮೇಲೆ ಸಾತ್ಕಿನ್ ಮೇಷ್ಟ್ರು, ಅವರ ಹೆಂಡತಿ, ಆ ಎರಡು ಹೆಸರು ಬಂದಾಗ ನಾನು ಕೆಮ್ಮುತ್ತೇನೆ ಅಥವಾ ರೇಡಿಯೊ ಜೋರು ಮಾಡುತ್ತೇನೆ. ವಾಸನೆ ಅಂದರೆ ಕಣಗಳು, ಗಾಳಿಯಲ್ಲಿ ಹರಡಿ ತೆಳುವಾಗುತ್ತವೆ, ಗೋರಿಯವರೆಗೆ ಯಾವುದೂ ಹೋಗುವುದಿಲ್ಲ ಎಂದು ಮದುವೆಯಾದ ಹೊಸತರಲ್ಲಿ ವಿವರಿಸಿದ್ದೆ, ನಿಮ್ಮ ಕಣಗಳಿಗೂ ಒಂದು ಬೋರ್ಸೋಕ್ ತೆಗೆದಿಡ್ಲಾ ಎಂಜಿನಿಯರ್ ಸಾಹೇಬ್ರೇ ಅಂದಿದ್ದಳು, ನಂಬೋಕೆ ಹಿಂದೆ, ತಿನ್ನೋಕೆ ಮಾತ್ರ ಮುಂದೆ ಅಂದಿದ್ದಳು, ಅದು ನಿಜ, ತಿಂದಿದ್ದೇನೆ, ಇವತ್ತೂ ತಿನ್ನುತ್ತೇನೆ – ಇಲ್ಲ, ಇವತ್ತು ತಿನ್ನುವುದಿಲ್ಲ, ಒಳಗೆ ಬುರುಲ್ ಕೂತಿದ್ದಾಳೆ. ಸಾತ್ಕಿನ್‌ನ ಮಗಳು, ಪ್ರತಿ ಏಪ್ರಿಲ್‌ನಲ್ಲಿ ಓಶ್ ಪಟ್ಟಣದಿಂದ ಬಸ್ಸು ಹಿಡಿದು ಬರುತ್ತಾಳೆ, ಅಪ್ಪ ಅಮ್ಮನ ಗೋರಿಗೆ ಹೋಗಿ ಅಲ್ಲಿಂದ ನಮ್ಮ ಮನೆಗೆ, ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡಿನ ದಾದಿ, ನೀಲಿ ತಲೆವಸ್ತ್ರ, ಸಾತ್ಕಿನ್‌ನದೇ ಅಗಲ ಹಣೆ, ಈಗಷ್ಟೇ ಚಹಾದ ಬಟ್ಟಲು ಕೆಳಗಿಟ್ಟು ಕೇಳಿದಳು, ಆಬಾ, ಈ ವರ್ಷ ಮೆಕ್ಕಾಗೆ ಹೋಗ್ತಿದೀನಿ, ಅಪ್ಪನ ಹೆಸರಲ್ಲಿ, ಅವ್ರು ನಂಬದೇ ಸತ್ರಲ್ಲ, ಅಲ್ಲಿ ನಿಂತು ಕೇಳ್ಕೊಂಡ್ರೆ ಕ್ಷಮೆ ಸಿಗತ್ತಂತೆ, ನೀವು ನಂಬಲ್ಲ ನಂಗೊತ್ತು, ಆದ್ರೂ ಅಪ್ಪನ ಸ್ನೇಹಿತರು ಅಂತ ಉಳಿದಿರೋದು ನೀವೊಬ್ರೇ, ಹರಸಿ ಕಳಿಸಿ. ನಾನು ಮಾತ್ರೆ ತಗೊಂಡು ಬರ್ತೀನಿ ಎಂದು ಎದ್ದು ಬಂದೆ. ಮಾತ್ರೆ ಜೇಬಿನಲ್ಲೇ ಇದೆ. ಎಪ್ಪತ್ತೆಂಟು ವರ್ಷದ ಮನುಷ್ಯ ಸ್ವಂತ ಮನೆಯ ಜಗಲಿಯಲ್ಲಿ ಅಡಗಿ ಕೂತಿದ್ದೇನೆ.

ಅವನು ನಂಬದೇ ಸತ್ತನಂತೆ. ಮೂವತ್ತು ವರ್ಷದಿಂದ ಕೋಕ್‌ಜಾರ್ ಊರಿನಲ್ಲಿ ಎಲ್ಲರ ಬಾಯಲ್ಲೂ ಅದೇ, ನಂಬಿದವರು ಉಳಿದರು, ನಂಬದವರನ್ನು ಗುಡ್ಡ ತಗೊಂಡಿತು, ನಾನು ಒಮ್ಮೆಯೂ ಇಲ್ಲ ಅನ್ನಲಿಲ್ಲ, ನಾನು, ಇಡೀ ಜಿಲ್ಲೆ ಸುತ್ತಿ ದೇವರಿಲ್ಲ ಎಂದು ಭಾಷಣ ಮಾಡಿದವನು, ಇಪ್ಪತ್ತೈದರ ಹರೆಯದಲ್ಲಿ ಕೋಕ್‌ಜಾರ್‌ನ ಸಂತನ ಒರತೆಯ ನೀರನ್ನು ಸೀಸೆಯಲ್ಲಿ ತಂದು ಕ್ಲಬ್ಬಿನ ವೇದಿಕೆಯ ಮೇಲೆ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ, ಇಲ್ಲಿ ಸಂತ ಇಲ್ಲ, ಸುಣ್ಣದ ಹರಳಿದೆ, ಉಪ್ಪಿನ ಹರಳಿದೆ ಎಂದವನು, ಜನ ನಕ್ಕಿದ್ದರು, ಸಾತ್ಕಿನ್ ಎಲ್ಲರಿಗಿಂತ ಜೋರಾಗಿ, ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದವರು ನಾವು, ಅವನು ಊರಿಗೆ ಭೌತಶಾಸ್ತ್ರದ ಮೇಷ್ಟ್ರಾದ, ನಾನು ಭೂಗರ್ಭ ಕಚೇರಿ ಸೇರಿ ಗುಡ್ಡದ ಬಿರುಕು ಅಳೆಯುವವನಾದೆ. ನಕ್ಕವರಲ್ಲಿ ಸೋನುನ್ ಆಪಾ ಇರಲಿಲ್ಲ. ಒರತೆ ಕಾಯುತ್ತಿದ್ದ ವಿಧವೆ, ಮುಳ್ಳುಗಿಡಕ್ಕೆ ಜನ ಕಟ್ಟಿಹೋದ ಬಟ್ಟೆಚೂರುಗಳನ್ನು ಬಿಡಿಸಿ ನೇರ ಮಾಡುತ್ತ, ನೀರಿನಲ್ಲಿ ಬಿದ್ದ ಎಲೆ ತೆಗೆಯುತ್ತ, ದಿನಕ್ಕೆ ಮೂರು ಹೊತ್ತು ಅಲ್ಲೇ, ನಾನು ಗುಡ್ಡಕ್ಕೆ ತಿಂಗಳಿಗೊಮ್ಮೆ ಹೋಗುತ್ತಿದ್ದೆ, ಅವಳು ದಿನಕ್ಕೆ ಮೂರು ಸಲ, ಹಾಗೆ ನಲವತ್ತು ವರ್ಷ, ಇದನ್ನು ಲೆಕ್ಕ ಹಾಕಿದ್ದು ನಾನು ಆಮೇಲೆ, ಎಲ್ಲ ಮುಗಿದ ಮೇಲೆ. ನಮ್ಮ ದೊಡ್ಡ ದೇಶ ಒಡೆದು ಚೂರಾಗಿ ಮೂರನೇ ವಸಂತ, ಹಿಮ ಬೇಗ ಕರಗಿತ್ತು, ಹತ್ತು ದಿನ ಮಳೆ, ಮಂಗಳವಾರ ಕೋಕ್‌ಜಾರ್‌ಗೆ ಹೋದೆ, ಮೇಲಿನ ಬಿರುಕಿನ ಎರಡೂ ಬದಿ ನಾನೇ ಹೊಡೆದಿದ್ದ ಗೂಟಗಳ ನಡುವಿನ ತಂತಿ ಅಳೆದೆ, ಎರಡು ಮಿಲಿಮೀಟರ್ ಸರಿದಿತ್ತು, ಎರಡೇ, ಪುಸ್ತಕದಲ್ಲಿ ಬರೆದುಕೊಂಡು ಇಳಿಯುತ್ತಿದ್ದೆ, ಸೋನುನ್ ಆಪಾ ಅಡ್ಡ ನಿಂತಳು, ಕೈಯಲ್ಲಿ ಚಹಾದ ಬಟ್ಟಲು, ಅದರಲ್ಲಿ ನೀರು, ಮಜ್ಜಿಗೆಯಂತೆ ಬೆಳ್ಳಗೆ. ಭಾನುವಾರದಿಂದ ಹಿಂಗೇ ಬರ್ತಿದೆ ಮಗಾ, ಒರತೆ ಮೇಲಿನ ಬಾಯಿ ಒಣಗಿಹೋಯ್ತು, ಕೆಳಗೆ ದನದ ಕೊಟ್ಟಿಗೆ ಹಿಂದೆ ಹೊಸದಾಗಿ ಕಣ್ಣು ಬಿಟ್ಟಿದೆ, ಸಂತರು ಹಾಸಿಗೆ ಬದಲಾಯಿಸ್ತಿದಾರೆ, ಇಲ್ಲಿರ್ಬೇಡಿ ಅಂತಿದಾರೆ. ಬಟ್ಟಲನ್ನು ನನ್ನ ಮೂಗಿನ ಹತ್ತಿರ ತಂದಳು, ಹಸಿ ಮಣ್ಣಿನ ವಾಸನೆ. ಹಿಮ ಕರಗಿದ ಕೆಸರು ಆಪಾ, ನಾಲ್ಕು ದಿನದಲ್ಲಿ ತಿಳಿಯಾಗತ್ತೆ ಅಂದೆ. ಅಷ್ಟು ಹೊತ್ತಿಗೆ ಚಹಾದಂಗಡಿಯ ಮುಂದೆ ಊರವರು ಸೇರಿದ್ದರು, ಏನಂತೀರಿ ಎಂಜಿನಿಯರ್ರೇ, ಊರು ಬಿಡ್ಬೇಕಾ, ನಾನು ಟೋಪಿ ಸರಿಮಾಡಿಕೊಂಡು, ಸಂತರ ಹಾಸಿಗೆ ಅಂತ ವರದಿ ಬರೆದ್ರೆ ನಮ್ಮ ಕಚೇರಿಯವ್ರು ನನ್ನನ್ನೇ ಆಸ್ಪತ್ರೆ ಹಾಸಿಗೆಗೆ ಕಳಿಸ್ತಾರೆ ಅಂದೆ. ಎಲ್ಲರೂ ನಕ್ಕರು. ಆ ನಗು ನನಗೆ ಇಷ್ಟವಾಯಿತು, ಇದನ್ನು ಒಪ್ಪಿಕೊಳ್ಳಬೇಕು, ನಲವತ್ತೆಂಟರಲ್ಲೂ ಇಪ್ಪತ್ತೈದರಷ್ಟೇ ಇಷ್ಟವಾಯಿತು, ಮೇಲಿನ ಬಾಯಿ ಒಣಗಿತು, ಕೆಳಗೆ ಹೊಸ ಕಣ್ಣು, ನೀರು ಕದಡಿತು, ಈ ಮೂರನ್ನೂ ನಾನೇ ಹೊಸ ಹುಡುಗರಿಗೆ ತರಬೇತಿಯಲ್ಲಿ ಬರೆಸುತ್ತಿದ್ದೆ, ಗುಡ್ಡದ ಒಳಗೆ ಮಣ್ಣು ಕದಲುವ ಮೊದಲ ಲಕ್ಷಣ ಒರತೆಯಲ್ಲಿ ಕಾಣುತ್ತದೆ, ತಂತಿಯಲ್ಲಲ್ಲ, ಇದೇ ಮಾತನ್ನು ಕಚೇರಿಯ ಹುಡುಗನೊಬ್ಬ ಹೇಳಿದ್ದರೆ ಆ ಮಧ್ಯಾಹ್ನವೇ ಊರು ಖಾಲಿ ಮಾಡಿಸುತ್ತಿದ್ದೆ. ಸಂತ ಎಂಬ ಒಂದು ಪದ ಕಿವಿಗೆ ಬಿತ್ತು, ಆಮೇಲಿನದು ಯಾವುದೂ ಒಳಗೆ ಹೋಗಲಿಲ್ಲ.

ಅವತ್ತು ಹೊರಡುವ ಮೊದಲು ಸಾತ್ಕಿನ್‌ನ ಮನೆ, ಏಪ್ರಿಕಾಟಿನ ಮುರಬ್ಬ, ಚಹಾ, ಬುರುಲ್ ಆಗ ಹದಿನೇಳು, ಓಶ್‌ನಲ್ಲಿ ದಾದಿಯರ ಶಾಲೆ ಸೇರಿದ್ದಳು, ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಅಂಗಡಿಯ ಮುಂದೆ ಅವನು ಎದೆ ಸೆಟೆಸಿ ಹೇಳಿದ್ದ, ಅಳತೆ ಹಿಡಿದವ್ನ ಮಾತು ಕೇಳ್ತೀನಪ್ಪ, ಬಟ್ಟೆ ಕಟ್ಟಿದ ಗಿಡದ ಮಾತಲ್ಲ, ಆದರೆ ಮನೆಯಲ್ಲಿ ದನಿ ತಗ್ಗಿಸಿದ, ಎಸೆನ್‌ಕುಲ್, ನಿಜವಾಗ್ಲೂ ಏನೂ ಇಲ್ವೇನೋ, ಇವ್ಳು ಬೆಳಿಗ್ಗೆಯಿಂದ ಗಂಟು ಕಟ್ಟಿ ಕೂತಿದಾಳೆ, ಸೋನುನ್ ಆಪಾ ಬಂದು ಹೇಳಿ ಹೋದ್ಲಂತೆ. ಗಂಟು ಬಾಗಿಲ ಪಕ್ಕದಲ್ಲಿತ್ತು, ಹಸಿರು ಚೌಕಳಿ ಬಟ್ಟೆಯಲ್ಲಿ ಹಾಸಿಗೆ, ಪಾತ್ರೆ, ಮೇಲೆ ಮಗಳ ಫೋಟೊ ಚೌಕಟ್ಟಿನ ಮೂಲೆ ಚಾಚಿಕೊಂಡು. ನಾನು ಹೇಳಿದೆ, ಬಿಚ್ಚಿ ಅಕ್ಕಾ, ಸುಮ್ನೆ ಯಾಕೆ ಭಯ, ಗುಡ್ಡ ಹೋಗೋದಾದ್ರೆ ನನಗೆ ಹೇಳಿ ಹೋಗತ್ತೆ. ಅವಳು ಗಂಡನ ಮುಖ ನೋಡಿದಳು, ಅವನು ನನ್ನ ಮುಖ ನೋಡಿದ, ಆಮೇಲೆ ತಲೆಯಾಡಿಸಿದ, ಅವಳು ನನ್ನ ಕಣ್ಣೆದುರಿಗೇ ಗಂಟು ಬಿಚ್ಚಿ ಫೋಟೊವನ್ನು ಮತ್ತೆ ಮೊಳೆಗೆ ತೂಗುಹಾಕಿದಳು, ಸೊಟ್ಟಗಿತ್ತು, ಬೆರಳಿನಿಂದ ನೇರ ಮಾಡಿದಳು. ಬುಧವಾರ ಸೋನುನ್ ಆಪಾ ಮನೆಮನೆಗೆ ಹೋಗಿ ಬೈದಳಂತೆ, ಕೈಹಿಡಿದು ಎಳೆದಳಂತೆ, ಹನ್ನೊಂದು ಮನೆಯವರು ಕುರಿ ಮಕ್ಕಳು ಸಮೇತ ಹೊಳೆಯಾಚೆ ಹೋದರು, ಐದು ಮನೆಯವರು ಊರಲ್ಲೇ ಉಳಿದರು. ಗುರುವಾರ ಹಾಲು ಕರೆಯುವ ಹೊತ್ತಿಗೆ ಗುಡ್ಡ ಬಂತು. ನನಗೆ ಹೇಳಿ ಬರಲಿಲ್ಲ – ಹೇಳಿತ್ತು, ಬಟ್ಟಲಿನಲ್ಲಿ ಹಿಡಿದು ಮೂಗಿನ ಹತ್ತಿರ ತಂದು ಹೇಳಿತ್ತು. ನಾಲ್ಕು ದಿನ ಅಗೆದೆವು, ಹಳದಿ ಮಣ್ಣು, ಸಲಿಕೆಗೆ ಹಿಟ್ಟಿನಂತೆ ಅಂಟುತ್ತದೆ, ಸತ್ತವರು ಹದಿನೇಳು ಜನ, ನನ್ನ ಗೂಟಗಳು ಮೇಲೆ ಹಾಗೇ ನಿಂತಿದ್ದವು, ತಂತಿ ಕೂಡ ತುಂಡಾಗಿರಲಿಲ್ಲ, ಜಾರಿದ್ದು ಅದರ ಕೆಳಗಿನ ಮಣ್ಣು. ಹೊಳೆಯಾಚೆಯ ಡೇರೆಯಲ್ಲಿ ಸೋನುನ್ ಆಪಾ ನನಗೆ ಚಹಾ ಕೊಟ್ಟಳು, ಬೈಯುತ್ತಾಳೆ ಎಂದು ಕಾದೆ, ಬೈಯಲಿಲ್ಲ, ನನಗೆ ಬರೋ ಮಾತಲ್ಲಿ ಹೇಳ್ದೆ ಮಗಾ, ನಿನ್ನ ಮಾತು ನನಗೆ ಬರಲ್ವಲ್ಲ, ಅಷ್ಟೇ ಅಂದಳು, ಬೈದಿದ್ದರೆ ಚೆನ್ನಾಗಿತ್ತು. ಕಚೇರಿಗೆ ವರದಿ ಬರೆದೆ, ಮುನ್ಸೂಚನೆ ಯಾವುದೂ ಗಮನಕ್ಕೆ ಬಂದಿರಲಿಲ್ಲ, ಕೆಳಗೆ ಸಹಿ ಹಾಕಿದೆ. ನಲವತ್ತನೇ ದಿನದ ಊಟಕ್ಕೆ ಹೊಸ ಮುಲ್ಲಾ ಬಂದ, ಒರತೆಗೆ ಬಟ್ಟೆ ಕಟ್ಟುವುದು ಪಾಪ ಎಂದು ಮೊದಲು ಹೇಳುತ್ತಿದ್ದವನೇ, ದೇವರ ಎಚ್ಚರಿಕೆಗೆ ಕಿವಿಗೊಟ್ಟವರು ಬದುಕಿದರು, ತಮ್ಮ ಬುದ್ಧಿಯನ್ನೇ ನಂಬಿದವರು ಹೋದರು ಅಂದ, ನಾನು ಎದ್ದು ನಿಲ್ಲಬಹುದಿತ್ತು, ದೇವರಲ್ಲ ಸ್ವಾಮೀ, ನೀರು, ಬರೀ ನೀರು, ಅದನ್ನು ನೋಡಿದ ಹೆಂಗಸು, ಕೇಳದ ಗಂಡಸು ಎನ್ನಬಹುದಿತ್ತು, ದೇವರಿಲ್ಲ ಎಂದು ಹೇಳಲು ನನಗೆ ಜೀವನದಲ್ಲಿ ಸಿಕ್ಕ ಒಂದೇ ಒಂದು ನಿಜವಾದ ಸಂದರ್ಭ ಅದು. ಹೇಳಿದರೆ ಅವರ ಮುಂದಿನ ಮಾತು, ಆ ನೀರನ್ನು ನೋಡಿಯೂ ಕೇಳದ ಗಂಡಸು ಯಾರು ಎಂಜಿನಿಯರ್ರೇ. ಕುರಿಮಾಂಸದ ಸಾರು ಕುಡಿದೆ, ಕೈಯೊರೆಸಿಕೊಂಡೆ. ಹದಿನೇಳರ ಹುಡುಗಿ ಕಪ್ಪು ಬಟ್ಟೆಯಲ್ಲಿ ಬಾಗಿಲ ಹತ್ತಿರ ನಿಂತು ಮುಲ್ಲಾನ ಮಾತನ್ನು ಒಂದೂ ಬಿಡದೆ ಕೇಳಿಸಿಕೊಳ್ಳುತ್ತಿದ್ದಳು.

ಏನ್ರೀ, ಮಾತ್ರೆ ಹುಡುಕೋಕೆ ಔಷಧಿ ಅಂಗಡಿಗೇ ಹೋದ್ರಾ, ಉಮ್ಸುನಾಯ್ ಕೂಗುತ್ತಿದ್ದಾಳೆ, ಎದ್ದೆ, ಮೊಣಕಾಲು ಸದ್ದು ಮಾಡುತ್ತದೆ, ಹೊಸ್ತಿಲು, ಜಮಖಾನೆ, ಬುರುಲ್ ಸರಿದು ನನಗೆ ಹಿರಿಯರ ಜಾಗ ಬಿಟ್ಟುಕೊಡುತ್ತಾಳೆ, ಕೂರಲಿಲ್ಲ, ಕೂತರೆ ಬಾಯಿ ಬಿಡಲಾಗುವುದಿಲ್ಲ. ಬುರುಲ್, ನಿಮ್ಮಪ್ಪನಿಗೋಸ್ಕರ ಕ್ಷಮೆ ಕೇಳ್ಬೇಡ, ಅವನು ಯಾರ ಮಾತನ್ನೂ ಮೀರಲಿಲ್ಲ, ನನ್ನ ಮಾತು ಕೇಳಿ ಸತ್ತ. ಹೇಳಿದೆ, ಬಟ್ಟಲಿನ ಬಣ್ಣ, ಒಣಗಿದ ಬಾಯಿ, ಪುಸ್ತಕದಲ್ಲಿ ನಾನೇ ಬರೆಸುತ್ತಿದ್ದ ಸಾಲು, ಆಸ್ಪತ್ರೆ ಹಾಸಿಗೆಯ ಹಾಸ್ಯ, ಗಂಟು, ಸಹಿ, ಹೆಚ್ಚು ಹೊತ್ತು ಬೇಕಾಗಲಿಲ್ಲ, ಮೂವತ್ತು ವರ್ಷದ ಸಂಗತಿ ಒಂದು ಬಟ್ಟಲು ಚಹಾ ಆರುವಷ್ಟರಲ್ಲಿ ಮುಗಿದುಹೋಯಿತು, ಬಾಗಿಲಲ್ಲಿ ಉಮ್ಸುನಾಯ್, ಕೈಯಲ್ಲಿ ಜಾಲರಿ ಸೌಟು, ಎಣ್ಣೆ ಹನಿಹನಿಯಾಗಿ ಜಮಖಾನೆಗೆ ಬೀಳುತ್ತಿದೆ, ಅವಳಿಗೂ ಇದು ಈಗಷ್ಟೇ ಗೊತ್ತಾಗುತ್ತಿದೆ. ಬುರುಲ್ ಕೇಳಿದಳು, ಅಮ್ಮ ಗಂಟು ಕಟ್ಟಿದ್ಲಾ. ಹೌದು. ಯಾವ ಬಟ್ಟೇಲಿ. ಹಸಿರು ಚೌಕಳಿ. ಅದು ನನ್ನ ಹೊದಿಕೆ ಆಬಾ ಅಂದಳು, ನಾನು ಚಿಕ್ಕವಳಿದ್ದಾಗಿಂದ ಹೊದೀತಿದ್ದುದು. ಆಮೇಲೆ, ನೋಡುತ್ತಿದ್ದುದು ನನ್ನನ್ನಲ್ಲ, ಗೋಡೆಯನ್ನು, ದಿನಕ್ಕೆ ಐದು ಸಲ, ಮೂವತ್ತು ವರ್ಷ, ಅಪ್ಪನ ತಪ್ಪು ಮನ್ನಿಸು ಅಂತ ಕೇಳಿದೀನಿ, ಅವ್ರನ್ನ ತಪ್ಪಿತಸ್ಥ ಮಾಡಿ ಇಟ್ಕೊಂಡಿದ್ದೆ ಇಷ್ಟು ದಿನ, ಸ್ವಂತ ಅಪ್ಪನ್ನ, ನೀವು ಪ್ರತಿವರ್ಷ ಇಲ್ಲೇ ಎದುರಿಗೆ ಕೂತು ಚಹಾ ಕುಡೀತಿದ್ರಿ. ದನಿ ಏರಲಿಲ್ಲ. ನನಗೆ ಕೇಳಿಕೊಳ್ಳಲು ಮೇಲೆ ಯಾರೂ ಇಲ್ಲ, ಅದು ಹೆಮ್ಮೆಯ ಮಾತಾಗಿತ್ತು ಒಂದು ಕಾಲಕ್ಕೆ, ನನ್ನ ತಪ್ಪನ್ನು ಮನ್ನಿಸಬಲ್ಲವರು ಇಬ್ಬರು, ಮಣ್ಣಿನಲ್ಲಿದ್ದಾರೆ, ಇನ್ನೊಬ್ಬಳು ಎದ್ದು ನಿಲ್ಲುತ್ತಿದ್ದಾಳೆ. ಊಟ ಮಾಡ್ಕೊಂಡು ಹೋಗು ಮಗಳೇ ಎಂದು ಉಮ್ಸುನಾಯ್ ತೋಳು ಹಿಡಿದಳು, ಬೇಡ ಆಪಾ, ಬಸ್ಸಿದೆ, ಬಸ್ಸು ನಾಲ್ಕಕ್ಕೆ, ಈಗಿನ್ನೂ ಒಂದು ಗಂಟೆ, ಮೂವರಿಗೂ ಗೊತ್ತು. ಹೊಸ್ತಿಲ ಹೊರಗೆ ಮೆಟ್ಟಿಲ ಮೇಲೆ ಕೂತಳು, ಕಂದು ಚಪ್ಪಲಿ, ಹಿಮ್ಮಡಿಯ ಮೇಲೆ ಒಂದು ಪಟ್ಟಿ, ಪಟ್ಟಿಗೆ ಸಣ್ಣ ಕೊಂಡಿ, ಕೊಂಡಿಯ ಮುಳ್ಳನ್ನು ತೂತಿಗೆ ಹಾಕಬೇಕು, ಹಾಕುತ್ತಿದ್ದಾಳೆ, ಜಾರುತ್ತದೆ, ಮತ್ತೆ ಪಟ್ಟಿ ಎಳೆಯುತ್ತಾಳೆ, ಬಗ್ಗಿ ಹಾಕಿಕೊಡಲೇ, ನನ್ನ ಕೈ ಮುಂದೆ ಹೋಯಿತು, ಅವಳು ಕಾಲನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಂಡಳು, ಅಷ್ಟೇ, ಒಂದು ಗೇಣು, ಮತ್ತೆ ಪಟ್ಟಿ, ಮತ್ತೆ ಮುಳ್ಳು, ತೂತಿನ ಅಂಚಿಗೆ ತಾಕಿ ಪಕ್ಕಕ್ಕೆ ಹೋಗುತ್ತದೆ, ನಾನು ನಿಂತಿದ್ದೇನೆ, ಮುಳ್ಳು, ತೂತು, ಹಿಂದಕ್ಕೆ ಎಳೆದುಕೊಂಡ ಕಾಲು, ಪಟ್ಟಿ ಎಳೆಯುವ ಬೆರಳು, ಜಾರುತ್ತದೆ, ಮತ್ತೆ ಮುಳ್ಳು –