ಎರ್ರೆಮ್ಮನ ಮೂರು ಬೆರಳು

ಕಂಪ್ಲಿಯ ನಮ್ಮ ಮನೆಯ ಜೋಳದ ರೊಟ್ಟಿ ಉಬ್ಬುತ್ತಿರಲಿಲ್ಲ. ಓಣಿಯ ಮಿಕ್ಕ ಮನೆಗಳಲ್ಲಿ ರೊಟ್ಟಿ ಹಂಚಿನ ಮೇಲೆ ಪೂರಿಯಂತೆ ಉಬ್ಬಿ ಕೂತರೆ, ನಮ್ಮದು ನಡುಮಧ್ಯೆ ಮೂರು ಬೆರಳಿನ ಕುಳಿ ಬಿದ್ದು ಚಪ್ಪಟೆಯಾಗಿ ಮಲಗಿರುತ್ತಿತ್ತು. ಅದಕ್ಕೆ ಕಾರಣ ನಮ್ಮ ಮುತ್ತಜ್ಜಿ ಎರ್ರೆಮ್ಮ.

ಎರ್ರೆಮ್ಮನನ್ನು ನಾನು ನೋಡಿಲ್ಲ. ಹೊಸಪೇಟೆಗೆ ರೈಲು ಹಳಿ ಹಾಕುವಾಗ ಕೆಲಸಕ್ಕೆಂದು ಗೋದಾವರಿ ಸೀಮೆಯಿಂದ ಬಂದ ತನ್ನ ಅಪ್ಪನ ಜೊತೆ ಬಂದವಳು. ಆ ಕೂಲಿಗಳ ಬಿಡಾರಕ್ಕೆ ಬಂಡಿಯಲ್ಲಿ ಕಾಳು ಒಯ್ಯುತ್ತಿದ್ದ ನಮ್ಮ ಮುತ್ತಜ್ಜ ದಿನಕ್ಕೊಂದು ನೆಪ ಹೇಳಿ ಅಲ್ಲೇ ಬಂಡಿ ಬಿಡುತ್ತಿದ್ದನಂತೆ. ಕೊನೆಗೆ ಹಳಿ ಮುಂದಕ್ಕೆ ಹೋಯಿತು, ಹುಡುಗಿ ಕಂಪ್ಲಿಗೆ ಬಂದಳು. ಅನ್ನ ಉಂಡು ಬೆಳೆದವಳು, ಜೋಳದ ಹಿಟ್ಟು ಮುಟ್ಟಿದವಳೇ ಅಲ್ಲ. ಮೊದಲ ದಿನ ತಟ್ಟಿದ ರೊಟ್ಟಿ ನಡುವೆ ಬಿರಿಯಿತು. ಗಾಬರಿಯಲ್ಲಿ ಮೂರು ಬೆರಳು ನೀರಿಗೆ ಅದ್ದಿ ಒತ್ತಿ ಒತ್ತಿ ಮುಚ್ಚಿದಳು. ಅವಳ ಅತ್ತೆ ಬೈಯಬಹುದಿತ್ತು. ಆ ಪುಣ್ಯಾತ್ಗಿತ್ತಿ ಕುಳಿಯಲ್ಲಿ ಬೆಣ್ಣೆ ಇಟ್ಟು ತಿಂದು, "ಬೆಣ್ಣಿ ಹರಿದು ಹೋಗಂಗಿಲ್ಲ, ಭಾಳ ಚಲೋ ಆತು. ನಾಳೆನೂ ಹಿಂಗ ಮಾಡು" ಅಂದಳಂತೆ.

ಆಮೇಲೆ ಆ ಮನೆಗೆ ಬಂದ ಸೊಸೆಯರೆಲ್ಲ ಕುಳಿ ಒತ್ತಿದವರೇ. ಎರ್ರೆಮ್ಮನ ಸೊಸೆ ನಮ್ಮಜ್ಜಿ ಜಂಬಮ್ಮ ಒತ್ತಿದಳು. ಅಜ್ಜಿಯ ಸೊಸೆ, ನಮ್ಮವ್ವ ಕೊಟ್ರಮ್ಮ, ಗೊಣಗಿಕೊಂಡೇ ಒತ್ತಿದಳು. ನಾನಂತೂ ಹಾಲುಹಲ್ಲು ಬೀಳುವ ಮೊದಲೇ ಶುರು ಮಾಡಿದ್ದೆ. ಅಜ್ಜಿ ಎರ್ರೆಮ್ಮನ ಕತೆ ಹೇಳದಿದ್ದರೆ ನಾನು ರೊಟ್ಟಿ ಮುರಿಯುತ್ತಲೂ ಇರಲಿಲ್ಲ.

ನನ್ನನ್ನು ಸಂಡೂರಿಗೆ ಕೊಟ್ಟರು. ಯುದ್ಧದ ಕಾಲ, ಸಕ್ಕರೆಯಿಲ್ಲ, ಸೀಮೆಎಣ್ಣೆಯಿಲ್ಲ, ಮದುವೆ ಮಾತ್ರ ನಿಲ್ಲಲಿಲ್ಲ. ಹೊರಡುವ ಮುಂಚೆ ಅವ್ವ ಒಳಗೆ ಕರೆದು ಬುದ್ಧಿ ಹೇಳಿದಳು.

"ಸಂಗಮ್ಮ, ಅಲ್ಲಿ ಕುಳಿ ಗಿಳಿ ಒತ್ತಬ್ಯಾಡ. ಉಬ್ಬದ ರೊಟ್ಟಿ ನೋಡಿದ್ರ ಹುಡುಗಿಗೆ ಅಡಿಗಿ ಬರಂಗಿಲ್ಲ ಅಂತಾರ. ನಿಮ್ಮ ಅತ್ತಿ ಉಚ್ಚೆಂಗಮ್ಮನ ರೊಟ್ಟಿ ಅಂದ್ರ ಸಂಡೂರಾಗ ಹೆಸರುವಾಸಿ."

ಬಾಗಿಲಲ್ಲಿ ನಿಂತಿದ್ದ ಅಜ್ಜಿಯ ಮುಖ ಸಣ್ಣದಾಯಿತು.

"ನೀ ಬಿಟ್ರ ನಮ್ಮ ಅತ್ತಿ ಎಲ್ಲಿಗೆ ಹೋಗಬೇಕವ್ವ?" ಅಂದಳು. "ಆಕಿದು ಒಂದು ಪಟಾನೂ ಇಲ್ಲ. ಇರೋದು ಈ ಮೂರು ಬೆರಳಷ್ಟ."

ನನಗೆ ಸಂಕಟವಾಯಿತು. ಹಾಗಂತ ಹೊಸ ಮನೆಯಲ್ಲಿ ಕೈಲಾಗದವಳು ಅನ್ನಿಸಿಕೊಳ್ಳಲು ನನಗೇನು ಹುಚ್ಚೇ? ಅವ್ವನಿಗೂ ಹೂಂ ಅಂದೆ, ಅಜ್ಜಿಗೂ ಹೂಂ ಅಂದೆ.

ಸಂಡೂರಿನ ಮನೆಯಲ್ಲಿ ಹೊಸ ಸೊಸೆ ತಟ್ಟಿದ ಮೊದಲ ರೊಟ್ಟಿಯನ್ನು ಹಿರಿಯರಿಗೆ, ಅಂದರೆ ಆ ಮನೆಯಲ್ಲಿ ಬಾಳಿ ಹೋದವರಿಗೆ, ಎಡೆ ಇಡುವುದು ಪದ್ಧತಿ. ನೆಂಟರೆಲ್ಲ ಅಡುಗೆಮನೆಯ ಬಾಗಿಲಲ್ಲೇ ಜಮಾಯಿಸಿದ್ದರು. ಒತ್ತಬಾರದು, ಒತ್ತಬಾರದು ಅಂದುಕೊಂಡೇ ತಟ್ಟಿದೆ. ರೊಟ್ಟಿ ಹಂಚಿಗೆ ಬಿತ್ತು, ಮೇಲೆ ನೀರು ಸವರಿದೆ. ಅಷ್ಟರಲ್ಲಿ ನನ್ನ ಬೆರಳುಗಳು ನನ್ನ ಮಾತು ಕೇಳದೆ ತಮ್ಮ ಕೆಲಸ ಮುಗಿಸಿದ್ದವು.

"ಅಯ್ಯ, ರೊಟ್ಟಿಗೆ ಕಣ್ಣು ಬಾಯಿ ಇಟ್ಟಾಳ ನೋಡ್ರಿ!" ಯಾರೋ ಅಂದರು. ನಗು ಎದ್ದಿತು. ಇನ್ನೊಬ್ಬಾಕೆ, "ತಗೀರಿ ಅದನ್ನ, ಹಿರಿಯರಿಗೆ ಇಂಥದ್ದು ನಡೆಯಂಗಿಲ್ಲ" ಅಂದಳು.

ನನ್ನನ್ನು ನೋಡಿ ನಗಲಿ, ಎರ್ರೆಮ್ಮನನ್ನು ನೋಡಿ ನಗುವುದೆಂದರೇನು? ಸಿಟ್ಟು ನೆತ್ತಿಗೇರಿತು. ಹೊಸ ಸೊಸೆ ತಲೆ ಎತ್ತಬಾರದು ಅನ್ನುವುದೂ ಮರೆತುಹೋಯಿತು.

"ಇದೂ ಹಿರಿಯರದೇ ಐತ್ರಿ," ಅಂದೆ. "ನಮ್ಮ ಮುತ್ತಜ್ಜಿದು." ಹಂಚಿನ ಮುಂದೆ ಕೂತೇ ಗೋದಾವರಿಯಿಂದ ಕಂಪ್ಲಿಯ ತನಕ ಎಲ್ಲ ಹೇಳಿದೆ. ಮುತ್ತಜ್ಜನ ಬಂಡಿಯ ನೆಪಗಳನ್ನೂ ಬಿಡಲಿಲ್ಲ. ಹೇಳಿ ಮುಗಿಸುವಷ್ಟರಲ್ಲಿ ರೊಟ್ಟಿಯ ಅಂಚು ಕರಕಾಗಿತ್ತು.

ಅತ್ತೆ ಉಚ್ಚೆಂಗಮ್ಮ ಆ ರೊಟ್ಟಿಯನ್ನೇ ಎತ್ತಿಕೊಂಡು, ಕುಳಿಗಳಿಗೆ ಬೆಣ್ಣೆ ಇಟ್ಟು, ಹಿರಿಯರ ಎಲೆಗೆ ಬಡಿಸಿದರು. ಆಮೇಲೆ ಮಾವ ದೊಡ್ಡಬಸಪ್ಪನವರ ಕಡೆ ತಿರುಗಿದರು.

"ನಾ ಹಿರಿಯೂರು ಸೀಮಿಯಿಂದ ಈ ಮನಿಗೆ ಬಂದಾಗ ರಾಗಿ ಮುದ್ದಿ ಮಾಡಿದ್ದೆ, ನೆನಪೈತೇನ್ರಿ? ನಿಮ್ಮವ್ವ ಎತ್ತಿಗೆ ಹಾಕಿದ್ರು. ಅವತ್ತಿನಿಂದ ನಾ ರಾಗಿ ಮುಟ್ಟಿಲ್ಲ. ನಮ್ಮವ್ವ ಕೈ ಹಿಡಿದು ಕಲಿಸಿದ್ದು ರೀ ಅದು."

ಮಾವ ಮೀಸೆ ನೇವರಿಸಿಕೊಂಡರು. "ಎತ್ತು ಭಾಳ ಖುಷಿಯಿಂದ ತಿಂತು," ಅಂದರು.

ಅತ್ತೆಗೆ ಮೊದಲು ಕಣ್ಣು ತುಂಬಿತು, ಆಮೇಲೆ ನಗು ತಡೆಯಲಾಗಲಿಲ್ಲ. ಅವರು ನಕ್ಕಿದ್ದು ನೋಡಿ ಮನೆಯೆಲ್ಲ ನಕ್ಕಿತು, ಮೂಗು ಮುರಿದಾಕೆಯೂ ನಕ್ಕಳು.

"ಸಂತ್ಯಾಗ ರಾಗಿ ತರ್ರಿ," ಅಂದರು ಅತ್ತೆ. "ಸೊಸಿ ಮುತ್ತಜ್ಜಿ ಒಳಗ ಬಂದು ಕುಂತಾಳ, ನಮ್ಮವ್ವ ಹೊರಗ ನಿಂದ್ರಬೇಕೇನು?"

ಆ ವಾರ ಅತ್ತೆ ಮುದ್ದೆ ತಿರುವಿದರು. ಕೈ ಏನೂ ಮರೆತಿರಲಿಲ್ಲ. ಮಾವ ಎರಡನೇ ಮುದ್ದೆ ಕೇಳಿದಾಗ, "ನಿಮಗಲ್ಲ, ಎತ್ತಿಗೆ" ಅಂತ ಅತ್ತೆ ಅವರನ್ನು ಸಾಕಷ್ಟು ಕಾಡಿಸಿಯೇ ಬಡಿಸಿದರು.

ನಾನು ಮೊದಲ ಸಲ ತವರಿಗೆ ಹೊರಟಾಗ ಅತ್ತೆ ರೊಟ್ಟಿಯ ಬುತ್ತಿ ಕಟ್ಟಿಕೊಟ್ಟರು. ಕಂಪ್ಲಿಯಲ್ಲಿ ಅಜ್ಜಿ ನನ್ನ ಮುಖ ನೋಡುವ ಮೊದಲೇ ಬುತ್ತಿ ಬಿಚ್ಚಿದಳು. ಮೇಲಿನ ರೊಟ್ಟಿಯ ಕುಳಿಗಳಲ್ಲಿ ತನ್ನ ಬೆರಳಿಟ್ಟು ನೋಡಿದಳು.

"ಇವು ನಿನ್ನ ಬೆರಳಲ್ಲ. ಭಾಳ ದಪ್ಪ ಅದಾವು," ಅಂದಳು.

"ನಮ್ಮ ಅತ್ತೀವು," ಅಂದೆ.

ಅಜ್ಜಿ ಆ ರೊಟ್ಟಿಯನ್ನು ಎದೆಗೆ ಒತ್ತಿಕೊಂಡು ಅಡುಗೆಮನೆಯತ್ತ ಕೂಗಿದಳು: "ಏ ಕೊಟ್ರಮ್ಮ, ಜಲ್ದಿ ಬೆಣ್ಣಿ ತಗೊಂಡು ಬಾ! ನಮ್ಮ ಅತ್ತಿ ಸಂಡೂರಿನಿಂದ ಬಂದಾಳ!"